ಒಮ್ಮೆ ಹೇಳಿದರೆ ಸಾಕಾಗುವ ಮನೆ

ವಾಯವ್ಯ ಲಂಡನ್ನಿನ ಎ5 ರಸ್ತೆ ರೋಮನ್ನರ ಕಾಲದ್ದು. ಬರ್ಂಟ್ ಓಕ್, ಎಡ್ಜ್‌ವೇರ್ ಪ್ರದೇಶಗಳಲ್ಲಿ ಅದು ಸ್ಥಳೀಯ ಆಡಳಿತಗಳ ನಡುವಿನ ಗಡಿಯೂ ಹೌದು. ರಸ್ತೆಯ ಪೂರ್ವಕ್ಕೆ ಬಾರ್ನೆಟ್, ಪಶ್ಚಿಮಕ್ಕೆ ಬ್ರೆಂಟ್ ಮತ್ತು ಹ್ಯಾರೋ. ಭಾರತೀಯ ಮೂಲದ ಸಾವಿರಾರು ಕುಟುಂಬಗಳು ಎರಡೂ ಬದಿಯಲ್ಲಿ ನೆಲೆಸಿವೆ. ಕರಿಬೇವು ತರಲು, ದೇವಸ್ಥಾನಕ್ಕೆ ಹೋಗಲು, ಮಕ್ಕಳನ್ನು ಸಂಗೀತದ ಪಾಠಕ್ಕೆ ಬಿಡಲು ದಿನಕ್ಕೆ ಹತ್ತು ಬಾರಿ ಆ ರಸ್ತೆ ದಾಟುತ್ತವೆ. ಅದು ಗಡಿಯೆಂಬುದು ಅವರ ಬದುಕಿನಲ್ಲಿ ಎಲ್ಲಿಯೂ ಎದ್ದು ಕಾಣುವುದಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವೊಂದು ಬಾಯಿಬಿಟ್ಟ ದಿನ ಮಾತ್ರ ಅದು ಕಾಣುತ್ತದೆ. ಮಗು ಪೂರ್ವದ ಬದಿಯದಾದರೆ ಅದರ ದಾರಿ ಕ್ಯಾಮ್ಡನ್ನಿನ ಒಂದು ಮನೆಯತ್ತ ಸಾಗುತ್ತದೆ. ಪಶ್ಚಿಮದ ಬದಿಯದಾದರೆ ಆಸ್ಪತ್ರೆ, ಪೊಲೀಸ್, ಸಾಮಾಜಿಕ ಸೇವೆ, ಮನೋವೈದ್ಯಕೀಯ ಸರದಿ ಎಂಬ ಬೇರೆಬೇರೆ ಬಾಗಿಲುಗಳತ್ತ ಹಂಚಿಹೋಗುತ್ತದೆ.

ಕ್ಯಾಮ್ಡನ್ನಿನ ಆ ಮನೆಯ ಹೆಸರು 'ದಿ ಲೈಟ್‌ಹೌಸ್'. 2018ರ ಶರತ್ಕಾಲದಲ್ಲಿ, ಎರಡು ವರ್ಷಗಳ ಪ್ರಯೋಗವಾಗಿ ಅದು ತೆರೆಯಿತು. ಬಾರ್ನೆಟ್, ಕ್ಯಾಮ್ಡನ್, ಎನ್‌ಫೀಲ್ಡ್, ಹ್ಯಾರಿಂಗೇ, ಇಸ್ಲಿಂಗ್ಟನ್ ಎಂಬ ಐದು ಬರೋಗಳ ಮಕ್ಕಳಿಗಾಗಿ ರೂಪುಗೊಂಡ ಈ ಕೇಂದ್ರವನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್ ಆಸ್ಪತ್ರೆಗಳ ಸಮೂಹ, ಟ್ಯಾವಿಸ್ಟಾಕ್ ಮತ್ತು ಪೋರ್ಟ್‌ಮನ್ ಸಂಸ್ಥೆ, ಮಕ್ಕಳ ರಕ್ಷಣೆಗಾಗಿ ದುಡಿಯುವ ಎನ್‌ಎಸ್‌ಪಿಸಿಸಿ ಮತ್ತು ಲಂಡನ್ ಪೊಲೀಸರು ಜೊತೆಗೂಡಿ ಆರಂಭಿಸಿದರು. ವೈದ್ಯಕೀಯ ತಪಾಸಣೆ, ಮಾನಸಿಕ ಚಿಕಿತ್ಸೆ, ಪೊಲೀಸ್ ಮತ್ತು ಸಾಮಾಜಿಕ ಸೇವೆಯ ಸಂಪರ್ಕಾಧಿಕಾರಿಗಳು, ಮಗುವಿನ ಪರವಾಗಿ ಮಾತನಾಡುವ ಕಾರ್ಯಕರ್ತರು, ಹೇಳಿಕೆಯನ್ನು ಧ್ವನಿ-ದೃಶ್ಯಗಳಲ್ಲಿ ದಾಖಲಿಸುವ ಕೋಣೆ, ಇವೆಲ್ಲ ಒಂದೇ ಸೂರಿನಡಿ ಇವೆ. ಹೇಳಿಕೆ ಪಡೆಯುವ ಕೆಲಸವನ್ನು ಪೊಲೀಸರ ಬದಲು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಮಾಡುವ ಪ್ರಯೋಗವೂ ಅಲ್ಲಿ ನಡೆಯಿತು. ಆ ಮನೆ ನಿಂತಿರುವುದು ಒಂದು ಸರಳ ತತ್ತ್ವದ ಮೇಲೆ: ಮಗು ವ್ಯವಸ್ಥೆಯ ಹಿಂದೆ ಅಲೆಯಬಾರದು, ವ್ಯವಸ್ಥೆಯೇ ಮಗುವಿದ್ದಲ್ಲಿಗೆ ಬರಬೇಕು.

ಈ ತತ್ತ್ವದ ಬೆಲೆ ತಿಳಿಯಬೇಕಾದರೆ ಅದಿಲ್ಲದ ಕಡೆ ನಡೆಯುವುದನ್ನು ನೋಡಬೇಕು. ಮಗು ಮೊದಲು ಹೇಳುವುದು ಬಹುಶಃ ಗೆಳತಿಗೆ, ಆಮೇಲೆ ಶಿಕ್ಷಕಿಗೆ. ಶಿಕ್ಷಕಿ ಶಾಲೆಯ ಸುರಕ್ಷತಾ ಹೊಣೆ ಹೊತ್ತವರನ್ನು ಕರೆಯುತ್ತಾರೆ. ಅವರ ಬಳಿಕ ಸಾಮಾಜಿಕ ಕಾರ್ಯಕರ್ತೆ, ಪೊಲೀಸ್ ಅಧಿಕಾರಿ, ವೈದ್ಯೆ, ತಿಂಗಳುಗಳು ಕಳೆದ ಮೇಲೆ ಆಪ್ತಸಮಾಲೋಚಕಿ, ವರ್ಷಗಳು ಕಳೆದ ಮೇಲೆ ವಕೀಲರು. ಪ್ರತಿಯೊಬ್ಬರೂ ಕರುಣೆಯಿಂದಲೇ ಕೇಳುತ್ತಾರೆ. ಆದರೂ ಪ್ರತಿಯೊಬ್ಬರೂ ಮೊದಲಿನಿಂದಲೇ ಕೇಳುತ್ತಾರೆ. ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದಾರೆಂದರೆ ಹಿಂದೆ ಹೇಳಿದ್ದನ್ನು ಯಾರೂ ನಂಬಲಿಲ್ಲವೆಂದು ಮಗು ಭಾವಿಸುತ್ತದೆ. ಮೂರನೆಯ ಸಲ ಹೇಳುವಾಗ ಒಂದು ದಿನಾಂಕ ಹೆಚ್ಚುಕಡಿಮೆಯಾಗುತ್ತದೆ, ಐದನೆಯ ಸಲ ಒಂದು ಕೋಣೆ ಬದಲಾಗುತ್ತದೆ. ದೊಡ್ಡವರ ನೆನಪಿನಲ್ಲಿ ಸಹಜವೆನಿಸುವ ಈ ವ್ಯತ್ಯಾಸ ಮಗುವಿನ ಬಾಯಲ್ಲಿ ಸುಳ್ಳಿನ ಸಾಕ್ಷಿಯಾಗಿ ನ್ಯಾಯಾಲಯದಲ್ಲಿ ಎದುರು ನಿಲ್ಲುತ್ತದೆ. ಆದ್ದರಿಂದ ಒಮ್ಮೆ, ಸರಿಯಾದ ಸ್ಥಳದಲ್ಲಿ, ಸರಿಯಾದವರ ಮುಂದೆ ಹೇಳುವ ಅವಕಾಶವನ್ನು ಮಗುವಿನ ಮೇಲಿನ ದಯೆಯೆಂದು ಮಾತ್ರ ತಿಳಿಯಬಾರದು. ನ್ಯಾಯದ ಮೊದಲ ಅಗತ್ಯವೇ ಅದು.

ಇದನ್ನು ಮೊದಲು ಗುರುತಿಸಿದ್ದು ಅಮೆರಿಕದ ಅಲಬಾಮ ರಾಜ್ಯದ ಹಂಟ್ಸ್‌ವಿಲ್ ಪಟ್ಟಣ. ಅಲ್ಲಿನ ಸರ್ಕಾರಿ ಅಭಿಯೋಜಕರಾಗಿದ್ದ ಬಡ್ ಕ್ರೇಮರ್, ವ್ಯವಸ್ಥೆಯೇ ಮಕ್ಕಳನ್ನು ಎರಡನೆಯ ಸಲ ನೋಯಿಸುವುದನ್ನು ಕಂಡು, 1985ರಲ್ಲಿ ಎಲ್ಲ ಇಲಾಖೆಗಳನ್ನೂ ಒಂದು ಮನೆಗೆ ಕರೆತಂದರು. ಇಂದು ಆ ದೇಶದಲ್ಲಿ ಅಂಥ ನೂರಾರು ಮಕ್ಕಳ ಪರ ಕೇಂದ್ರಗಳಿವೆ. ಆ ಮಾದರಿಯನ್ನು ಯುರೋಪಿಗೆ ತಂದದ್ದು ಕರ್ನಾಟಕದ ಒಂದು ದೊಡ್ಡ ತಾಲ್ಲೂಕಿನಷ್ಟು ಜನರಿರುವ ಐಸ್‌ಲ್ಯಾಂಡ್. ಬ್ರಾಗಿ ಗುಡ್‌ಬ್ರಾಂಡ್ಸನ್ ಅವರ ನೇತೃತ್ವದಲ್ಲಿ 1998ರಲ್ಲಿ ಅಲ್ಲಿ ಆರಂಭವಾದ 'ಬಾರ್ನಾಹುಸ್' ಎಂಬುದರ ಅರ್ಥ ಮಕ್ಕಳ ಮನೆ. ಅಮೆರಿಕದಲ್ಲಿ ಸ್ಥಳೀಯರ ಉತ್ಸಾಹದಿಂದ ಬೆಳೆದದ್ದನ್ನು ಐಸ್‌ಲ್ಯಾಂಡ್ ಸರ್ಕಾರದ ಹೊಣೆಯಾಗಿಸಿತು. ಸ್ವೀಡನ್ 2005ರಲ್ಲಿ, ನಾರ್ವೆ 2007ರಲ್ಲಿ ಅದನ್ನು ಅನುಸರಿಸಿದವು. ಡೆನ್ಮಾರ್ಕ್ 2013ರಲ್ಲಿ ಕಾನೂನಾಗಿಯೇ ತಂದಿತು. ಸ್ಕಾಟ್ಲೆಂಡ್ ಇದೇ ಮನೆಗೆ ತನ್ನ ನುಡಿಯಲ್ಲಿ 'ಬೇರ್ನ್ಸ್ ಹೂಸ್' ಎಂದು ಹೆಸರಿಟ್ಟು ಕಟ್ಟುತ್ತಿದೆ.

ಉತ್ತರ ಲಂಡನ್ನಿಗೆ ಈ ಮನೆ ಬಂದದ್ದರಲ್ಲಿ ಚರಿತ್ರೆಯ ಒಂದು ಋಣವೂ ಇದೆ. 2000ದ ಫೆಬ್ರವರಿಯಲ್ಲಿ, ಹ್ಯಾರಿಂಗೇಯಲ್ಲಿ ವಾಸವಿದ್ದ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಬಾಲಕಿ ತನ್ನನ್ನು ಸಾಕಲು ಕರೆತಂದ ಸಂಬಂಧಿಕಳ ಮನೆಯಲ್ಲಿ ಚಿತ್ರಹಿಂಸೆಗೆ ಗುರಿಯಾಗಿ ಸತ್ತಳು. ಆಸ್ಪತ್ರೆ, ಪೊಲೀಸ್, ಸಾಮಾಜಿಕ ಸೇವೆಗಳೆಲ್ಲವೂ ಅವಳನ್ನು ಕಂಡಿದ್ದವು. ಆದರೆ ಪ್ರತಿಯೊಂದೂ ಕಂಡದ್ದು ಅವಳ ಬದುಕಿನ ಒಂದೊಂದು ತುಂಡನ್ನು. ಆ ತುಂಡುಗಳನ್ನು ಜೋಡಿಸಿ ನೋಡುವ ಸ್ಥಳವೊಂದು ಇರಲಿಲ್ಲ. 2003ರ ಲಾಮಿಂಗ್ ವರದಿಯಲ್ಲಿ ಇನ್ನೊಂದು ಸಂಗತಿಯಿದೆ, ವಲಸಿಗರು ಅದನ್ನು ಓದಲೇಬೇಕು. ಸಾಕುವವರ ಮುಂದೆ ಆ ಮಗು ಸೈನಿಕರಂತೆ ನೆಟ್ಟಗೆ ನಿಲ್ಲುತ್ತಿದ್ದುದನ್ನು, ಆ ಸಂಸ್ಕೃತಿಯಲ್ಲಿ ಹಿರಿಯರಿಗೆ ತೋರುವ ಗೌರವವೆಂದು ಅರ್ಥೈಸಲಾಗಿತ್ತು. ಅದು ಭಯವಾಗಿತ್ತು. ಸಂಸ್ಕೃತಿಯ ಹೆಸರಿನಲ್ಲಿ ತೋರುವ ಸೌಜನ್ಯವೂ ಮಗುವನ್ನು ಕೊಲ್ಲಬಲ್ಲದು ಎಂಬ ಪಾಠ ಅಲ್ಲಿದೆ.

ಸಮಸ್ಯೆಯ ಗಾತ್ರದ ಮುಂದೆ ಐದು ಬರೋಗಳ ಒಂದು ಮನೆ ತೀರ ಚಿಕ್ಕದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 18ರಿಂದ 74 ವರ್ಷದ ಸುಮಾರು 31 ಲಕ್ಷ ವಯಸ್ಕರು ಹದಿನಾರು ತುಂಬುವ ಮೊದಲು ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾರೆಂದು 2019ರ ಅಪರಾಧ ಸಮೀಕ್ಷೆ ಅಂದಾಜು ಮಾಡಿತು. ಕುಟುಂಬದ ಪರಿಸರದಲ್ಲಿ ದೌರ್ಜನ್ಯಕ್ಕೆ ಒಳಗಾದ ಎಂಟು ಮಕ್ಕಳಲ್ಲಿ ಒಬ್ಬರು ಮಾತ್ರ ಅಧಿಕಾರಿಗಳ ಕಣ್ಣಿಗೆ ಬೀಳುತ್ತಾರೆಂದು ಇಂಗ್ಲೆಂಡಿನ ಮಕ್ಕಳ ಆಯುಕ್ತರ ಕಚೇರಿ 2015ರಲ್ಲೇ ಹೇಳಿತ್ತು. ಲಂಡನ್ನಿನಲ್ಲಿ ಇರುವುದು ಮೂವತ್ತೆರಡು ಬರೋಗಳು. ಪ್ರಯೋಗ ಆರಂಭವಾಗಿ ಇಷ್ಟು ವರ್ಷ ಕಳೆದ ಮೇಲೂ ಪೂರ್ಣಪ್ರಮಾಣದ ಇಂಥ ಮನೆ ನಗರದ ಎಲ್ಲ ಮಕ್ಕಳ ಹಕ್ಕಾಗಿಲ್ಲ. ವಿಸ್ತರಿಸುವ ಮಾತು ಸರ್ಕಾರದಿಂದ ಕೇಳಿಬಂದಿದೆ. ಆದರೆ ಆಶ್ವಾಸನೆ ಕಟ್ಟಡವಾಗಿ, ಕಟ್ಟಡದೊಳಗೆ ಅನುಭವಿ ಸಿಬ್ಬಂದಿಯಾಗಿ ಮಾರ್ಪಡುವ ತನಕ ಅದು ಆಶ್ವಾಸನೆಯಷ್ಟೆ.

ಈ ಮಾದರಿಯೇ ಎಲ್ಲದಕ್ಕೂ ಮದ್ದೆಂದು ಹೇಳುವುದೂ ತಪ್ಪಾಗುತ್ತದೆ. ಚಿಕಿತ್ಸೆ ಮತ್ತು ತನಿಖೆ ಒಂದೇ ಸೂರಿನಡಿ ಬಂದಾಗ, ಚಿಕಿತ್ಸೆಯ ಕೋಣೆಯಲ್ಲಿ ಮಗು ಆಡಿದ ಮಾತು ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಏಳುತ್ತದೆ. ಪೊಲೀಸ್ ದೂರು ಬೇಡವೆನ್ನುವ ಹದಿಹರೆಯದ ಹುಡುಗಿಗೂ ಆ ಬಾಗಿಲು ತೆರೆದೇ ಇರಬೇಕು. ವಿಚಾರಣೆ ಮುಗಿಯುವ ತನಕ ಮಗುವಿಗೆ ಚಿಕಿತ್ಸೆ ಕೊಟ್ಟರೆ ಸಾಕ್ಷ್ಯ ಕೆಡುತ್ತದೆ ಎಂಬ ಹಳೆಯ ಭಯ ಬಹುಕಾಲ ಮಕ್ಕಳನ್ನು ಒಂಟಿಯಾಗಿ ಕಾಯಿಸಿತು. ಚಿಕಿತ್ಸೆಯನ್ನು ಮುಂದೂಡಬಾರದೆಂದು ಅಭಿಯೋಜನಾ ಇಲಾಖೆ 2022ರಲ್ಲಿ ಸ್ಪಷ್ಟಪಡಿಸಬೇಕಾಯಿತು. ಮಕ್ಕಳ ಪಾಟೀಸವಾಲನ್ನು ಮೊದಲೇ ದಾಖಲಿಸಿಕೊಳ್ಳಬಹುದೆಂದು 1999ರಲ್ಲೇ ಕಾನೂನಾಗಿದ್ದರೂ, ಅದು ಇಂಗ್ಲೆಂಡಿನ ಎಲ್ಲ ಕ್ರೌನ್ ನ್ಯಾಯಾಲಯಗಳನ್ನು ತಲುಪಲು ಎರಡು ದಶಕ ಬೇಕಾಯಿತು. ಆ ನ್ಯಾಯಾಲಯಗಳಲ್ಲಿ 2024ರ ವೇಳೆಗೆ 70,000ಕ್ಕೂ ಹೆಚ್ಚು ಪ್ರಕರಣಗಳು ಬಾಕಿಯಿದ್ದವು. ಎಷ್ಟೇ ಒಳ್ಳೆಯ ಮನೆಯಾದರೂ, ಅದರ ಹಿಂದಿನ ನ್ಯಾಯಾಲಯ ಕುಂಟುತ್ತಿದ್ದರೆ ಮಗುವಿನ ಬಾಲ್ಯ ಕಾಯುವುದರಲ್ಲೇ ಮುಗಿಯುತ್ತದೆ.

ಇಷ್ಟೆಲ್ಲ ಬ್ರಿಟಿಷ್ ಸರ್ಕಾರ ಉತ್ತರಿಸಬೇಕಾದ ಮಾತು. ಆದರೆ ಬಾಗಿಲು ತೆರೆದಿರುವ ಐದು ಬರೋಗಳಲ್ಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ವಲಸಿಗ ಸಮುದಾಯಗಳೇ ಎತ್ತಿಕೊಳ್ಳಬೇಕು. ಏಷ್ಯನ್ ಮೂಲದ ಮಕ್ಕಳು ಇಂಥ ಸೇವೆಗಳಿಗೆ ಜನಸಂಖ್ಯೆಯಲ್ಲಿರುವ ಪ್ರಮಾಣಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಬರುತ್ತಾರೆ. ಆ ಮನೆಗಳಲ್ಲಿ ದೌರ್ಜನ್ಯ ಕಡಿಮೆ ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹದಿಮೂರು ರಾಜ್ಯಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಕಡ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಅರ್ಧದಷ್ಟು ಪ್ರಕರಣಗಳಲ್ಲಿ ಎಸಗಿದವರು ಮಗುವಿಗೆ ಪರಿಚಿತರು, ಮಗು ನಂಬಿದವರು. ಬೇಲಿಯೇ ಎದ್ದು ಹೊಲ ಮೇಯುವ ಈ ಕಥೆ ವಿಮಾನ ಹತ್ತಿದ ಮಾತ್ರಕ್ಕೆ ಹಿಂದೆ ಉಳಿಯುವುದಿಲ್ಲ.

ಮಕ್ಕಳು ಏಕೆ ಬರುತ್ತಿಲ್ಲವೆಂಬುದಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ವತಂತ್ರ ವಿಚಾರಣಾ ಆಯೋಗ 2020ರಲ್ಲಿ ಅಲ್ಪಸಂಖ್ಯಾತ ಜನಾಂಗಗಳ ನಡುವೆ ನಡೆಸಿದ ಅಧ್ಯಯನ ಉತ್ತರ ಕೊಡುತ್ತದೆ: ನಾಚಿಕೆ, ಮಾನ, ಕುಟುಂಬದ ಹೆಸರು, ಸಂಸ್ಥೆಗಳ ಮೇಲಿನ ಅಪನಂಬಿಕೆ. ಕನ್ನಡದ ಮನೆಗಳಿಗೆ ಇದರ ಅನುವಾದ ಬೇಕಿಲ್ಲ. 'ಮನೆಯ ಮಾತು ಹೊಸ್ತಿಲು ದಾಟಬಾರದು', 'ಮುಂದೆ ಹುಡುಗಿಯ ಮದುವೆಯಾಗಬೇಕಲ್ಲ', 'ಅವರು ಹಿರಿಯರು, ಹಾಗೆ ಮಾಡುವವರಲ್ಲ' ಎಂಬ ಮಾತುಗಳು ಮೈಸೂರಿನಷ್ಟೇ ಸಲೀಸಾಗಿ ಹ್ಯಾರೋದಲ್ಲೂ ಹೊರಡುತ್ತವೆ. ಅದರ ಮೇಲೆ ವಲಸೆಯ ಹೊರೆ ಬೇರೆ. ಇಡೀ ಕುಟುಂಬದ ವೀಸಾ ಒಬ್ಬ ವ್ಯಕ್ತಿಯ ಉದ್ಯೋಗಕ್ಕೆ ಕಟ್ಟಿಕೊಂಡಿರುವಾಗ, ಆ ವ್ಯಕ್ತಿಯ ಮೇಲೆಯೇ ದೂರು ಕೊಡುವ ತಾಯಿ ಮಗುವಿನ ಸುರಕ್ಷತೆಯ ಜೊತೆಗೆ ಮನೆ, ಶಾಲೆ, ದೇಶ ಮೂರನ್ನೂ ಪಣಕ್ಕಿಡಬೇಕಾಗುತ್ತದೆ. ಅವಳ ಮೌನವನ್ನು ಹೇಡಿತನವೆಂದು ಕರೆಯುವುದು ಸುಲಭ; ಅದನ್ನು ಹುಟ್ಟಿಸಿದ ವಲಸೆ ನೀತಿಯನ್ನು ಪ್ರಶ್ನಿಸುವುದು ಕಷ್ಟ. ಎರಡನೆಯದನ್ನು ಮಾಡದೆ ಮೊದಲನೆಯದನ್ನು ಹೇಳುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ಭಯವಿದೆ: 'ಅಧಿಕಾರಿಗಳ ಬಾಯಿಗೆ ಬಿದ್ದರೆ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ.' 2011ರಲ್ಲಿ ನಾರ್ವೆಯ ಸ್ಟಾವಂಗರ್‌ನಲ್ಲಿ ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡ ಪ್ರಕರಣ, ಅದನ್ನು ಆಧರಿಸಿ 2023ರಲ್ಲಿ ಬಂದ ಹಿಂದಿ ಚಿತ್ರ, ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಕಥೆಗಳು ಈ ಭಯಕ್ಕೆ ನೀರೆರೆದಿವೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಬಡವರ, ಬಿಳಿಯರಲ್ಲದವರ ಮನೆಗಳ ಮೇಲೆ ಸರ್ಕಾರದ ಕಣ್ಣು ಹೆಚ್ಚು ಕಟುವಾಗಿ ಬೀಳುವುದುಂಟು. ಆದರೆ ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯ್ದೆಯಂತೆ ಮಗುವನ್ನು ಆರೈಕೆಯ ಆದೇಶದಡಿ ತರಲು ಗಂಭೀರ ಹಾನಿಯನ್ನು ನ್ಯಾಯಾಲಯದ ಮುಂದೆ ತೋರಿಸಲೇಬೇಕು. ಕ್ಯಾಮ್ಡನ್ನಿನಂಥ ಮನೆಯ ಕೆಲಸವಂತೂ ಬೇರೆ ಬಗೆಯದು: ಮಗುವನ್ನೂ ಅದನ್ನು ನಂಬಿದ ತಾಯಿಯನ್ನೂ ಒಟ್ಟಿಗೆ ಕೈಹಿಡಿದು ನಡೆಸುವುದು. ಈ ವ್ಯತ್ಯಾಸವನ್ನು ಕನ್ನಡದಲ್ಲಿ, ಕನ್ನಡಿಗರು ಸೇರುವ ಕಡೆ, ಹೇಳಿದವರು ಬಹಳ ಕಡಿಮೆ. ಯಾರೂ ಹೇಳದ ಕಡೆ ಸಿನಿಮಾ ಹೇಳಿದ್ದೇ ಸತ್ಯವಾಗುತ್ತದೆ.

ಇಲ್ಲಿ ಇನ್ನೊಂದು ಅಪಾಯವನ್ನೂ ಹೆಸರಿಸಬೇಕು. ರಾಥರಮ್ ಕುರಿತ 2014ರ ಅಲೆಕ್ಸಿಸ್ ಜೇ ವರದಿಯಿಂದ 2025ರ ಕೇಸಿ ಪರಿಶೋಧನೆಯವರೆಗೆ, ಮಕ್ಕಳ ಮೇಲಿನ ಗುಂಪು ದೌರ್ಜನ್ಯದ ಚರ್ಚೆಯನ್ನು ಬಲಪಂಥೀಯ ರಾಜಕಾರಣ ಜನಾಂಗದ್ವೇಷದ ಅಸ್ತ್ರವಾಗಿಸಿದೆ. ಆ ಪಟ್ಟಣಗಳಲ್ಲಿ ಅಧಿಕಾರಿಗಳು ಮಕ್ಕಳ ಮಾತನ್ನು ಅಲಕ್ಷಿಸಿದ್ದು ನಿಜ. ಆ ಮಕ್ಕಳಿಗೆ ನ್ಯಾಯ ಸಿಗಲೇಬೇಕು. ಆದರೆ ಆ ಸಂದರ್ಭದಲ್ಲಿ 'ಏಷ್ಯನ್ ಎನ್ನಬೇಡಿ, ಪಾಕಿಸ್ತಾನಿ ಎನ್ನಿ' ಎಂದು ಮುಂದೆ ಬಂದ ಭಾರತೀಯ ಮೂಲದ ಧ್ವನಿಗಳು ತಮ್ಮ ಮನೆಯೊಳಗಿನ ಮೌನದ ಬಗ್ಗೆ ಅಷ್ಟೇ ಗಟ್ಟಿಯಾಗಿ ಮಾತನಾಡಲಿಲ್ಲ. ಪರರ ಧರ್ಮದತ್ತ ತೋರಿದ ಬೆರಳು ತನ್ನ ಮನೆಯ ಮಗುವನ್ನು ಕಾಯುವುದಿಲ್ಲ. ಪೂರ್ವಗ್ರಹಕ್ಕೆ ಹೆದರಿ ಮೌನವಾಗುವ ಪ್ರಗತಿಪರರೂ, ಪೂರ್ವಗ್ರಹವನ್ನೇ ಗುರಾಣಿ ಮಾಡಿಕೊಳ್ಳುವ ಕೋಮುವಾದಿಗಳೂ ಕೊನೆಗೆ ಮಗುವಿಗೆ ಒಂದೇ ಉತ್ತರ ಕೊಡುತ್ತಾರೆ: ಈಗ ಬೇಡ, ಇಲ್ಲಿ ಬೇಡ.

ಹಾಗಾದರೆ ಕನ್ನಡ ಸಂಘಗಳು ಏನು ಮಾಡಬಹುದು? ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳಲ್ಲಿ ನೂರಾರು ಮಕ್ಕಳು ಒಂದೆಡೆ ಸೇರುತ್ತಾರೆ. ವಾರಾಂತ್ಯದ ಕನ್ನಡ ಶಾಲೆಗಳು, ಸಂಗೀತ-ನೃತ್ಯದ ಪಾಠಗಳು, ಧಾರ್ಮಿಕ ಶಿಬಿರಗಳು ನಡೆಯುತ್ತವೆ. ಎಲ್ಲವೂ ಪರಸ್ಪರ ವಿಶ್ವಾಸದ ಮೇಲೆ ನಿಂತಿವೆ, ಆ ವಿಶ್ವಾಸವೇ ಅವುಗಳ ಸೊಬಗು. ಅದನ್ನು ಉಳಿಸಿಕೊಳ್ಳಬೇಕಾದರೆ ಅದಕ್ಕೊಂದು ನಿಯಮದ ಬೆನ್ನೆಲುಬು ಬೇಕು. ಶಾಲೆಯ ಹೊರಗಿನ ಇಂಥ ಪಾಠಗಳಿಗೆ ಇಂಗ್ಲೆಂಡ್ ಸರ್ಕಾರದ ಸುರಕ್ಷತಾ ಮಾರ್ಗಸೂಚಿ ಇದೆಯಾದರೂ ಅದು ಸ್ವಯಂಪ್ರೇರಿತ. ವಿಶ್ವಾಸದ ಸ್ಥಾನದಲ್ಲಿರುವವರು ಹದಿನಾರು-ಹದಿನೇಳರ ಮಕ್ಕಳೊಡನೆ ಲೈಂಗಿಕ ಸಂಬಂಧ ಹೊಂದುವುದನ್ನು ಅಪರಾಧವಾಗಿಸುವ ಕಾನೂನು 2022ರಲ್ಲಿ ಕ್ರೀಡಾ ತರಬೇತುದಾರರನ್ನೂ ಧಾರ್ಮಿಕ ಬೋಧಕರನ್ನೂ ಒಳಗೊಂಡಿತು. ಮನೆಯಲ್ಲಿ ಸಂಗೀತ ಹೇಳಿಕೊಡುವ ಗುರು ಆ ಪಟ್ಟಿಯಲ್ಲಿಲ್ಲ. ಕಾನೂನು ಬಿಟ್ಟ ಸಂದನ್ನು ಸಮುದಾಯವೇ ಮುಚ್ಚಬೇಕು. ಮಕ್ಕಳೊಡನೆ ಕೆಲಸ ಮಾಡುವ ಪ್ರತಿ ಸ್ವಯಂಸೇವಕರ ಡಿಬಿಎಸ್ ತಪಾಸಣೆ, ದೂರು ಕೇಳಲು ಹೆಸರಿಸಿದ ಇಬ್ಬರು, ಅವರಲ್ಲಿ ಒಬ್ಬರಾದರೂ ಮಹಿಳೆ, ದೂರನ್ನು ಸಂಘದೊಳಗೆ 'ಬಗೆಹರಿಸದೆ' ಅಧಿಕಾರಿಗಳಿಗೆ ತಲುಪಿಸುವ ಲಿಖಿತ ನಿಯಮ, ಇಷ್ಟಕ್ಕೆ ದೊಡ್ಡ ಹಣ ಬೇಕಿಲ್ಲ. ಸ್ವಯಂಸೇವಕರ ಡಿಬಿಎಸ್ ತಪಾಸಣೆಗೆ ಸರ್ಕಾರ ಶುಲ್ಕವನ್ನೂ ಪಡೆಯುವುದಿಲ್ಲ.

ಭಾಷೆಯ ಕೆಲಸವೂ ಇದೆ. ಕನ್ನಡ ಶಾಲೆಗಳು ಮಕ್ಕಳಿಗೆ ಹಣ್ಣು, ಹೂವು, ಬಣ್ಣ, ಹಬ್ಬಗಳ ಹೆಸರು ಕಲಿಸುತ್ತವೆ. ಕಣ್ಣು, ಕಿವಿ, ಮೂಗಿನ ನಂತರ ದೇಹದ ಪಾಠ ನಿಂತುಬಿಡುತ್ತದೆ. ಗುಪ್ತಾಂಗಗಳಿಗೆ ಒಂದೋ ಬೈಗುಳದ ಪದ, ಇಲ್ಲವೇ ಮುದ್ದಿನ ಪದ, ಇಲ್ಲವೇ ಸಂಸ್ಕೃತದ ಪದ. ಮಗು ಅಜ್ಜಿಗೆ ಸಂಕಟ ಹೇಳಬೇಕಾದರೆ ಆ ಭಾಷೆಯಲ್ಲಿ ಪದವೇ ಇರುವುದಿಲ್ಲ. ತಾಯಿ ಅಧಿಕಾರಿಗೆ ಹೇಳಬೇಕಾದರೆ ಇಂಗ್ಲಿಷಿನಲ್ಲಿ ಧೈರ್ಯ ಇರುವುದಿಲ್ಲ. ಆಗ ದುಭಾಷಿಯಾಗಿ ಬರುವವರು ಮನೆಯವರೇ ಆದರೆ ಮಗುವಿನ ಮಾತು ದಾರಿಯಲ್ಲೇ ಸೋರಿಹೋಗುತ್ತದೆ. ಕುಟುಂಬಕ್ಕೆ ಪರಿಚಯವಿಲ್ಲದ, ತರಬೇತಿ ಪಡೆದ ಕನ್ನಡ ದುಭಾಷಿಗಳನ್ನು ಸಿದ್ಧಗೊಳಿಸುವುದು ಯಾವುದೇ ಸಾಹಿತ್ಯ ಸಮ್ಮೇಳನಕ್ಕಿಂತ ಕಡಿಮೆಯ ಕನ್ನಡ ಸೇವೆಯಲ್ಲ.

ತಾಯ್ನಾಡಿನ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಚಿತ್ರ ಮೂಡುತ್ತದೆ. ಭಾರತದ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಇಲ್ಲವೇ ಅದು ಬಯಸಿದಲ್ಲಿ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿರಬಾರದು, ಸಾಕ್ಷಿ ಹೇಳಲು ಮಗುವನ್ನು ಪದೇ ಪದೇ ಕರೆಯಬಾರದು, ಸಾಧ್ಯವಾದಷ್ಟು ಒಂದು ವರ್ಷದಲ್ಲಿ ವಿಚಾರಣೆ ಮುಗಿಸಬೇಕು ಎನ್ನುತ್ತದೆ ಆ ಕಾಯ್ದೆ. ವಿಷಯ ತಿಳಿದವರು ದೂರು ಕೊಡುವುದು ಕಡ್ಡಾಯ. ಇಂಗ್ಲೆಂಡಿನಲ್ಲಿ ಅಂಥ ಕಡ್ಡಾಯವನ್ನು ವಿಚಾರಣಾ ಆಯೋಗ 2022ರ ಅಂತಿಮ ವರದಿಯಲ್ಲಿ ಶಿಫಾರಸು ಮಾಡಿ, ಅದು ಮಸೂದೆಯೊಂದರ ಭಾಗವಾಗಿ ಸಂಸತ್ತಿಗೆ ಬಂದದ್ದು 2025ರಲ್ಲಿ. ಕಾಗದದ ಮೇಲೆ ಭಾರತ ಮುಂದಿದೆ. ಆದರೆ ಆ ಕಾಗದಕ್ಕೊಂದು ಮನೆಯಿಲ್ಲ. ಪೊಲೀಸರಿಗೆ, ವೈದ್ಯರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಮ್ಯಾಜಿಸ್ಟ್ರೇಟರಿಗೆ, ಕೊನೆಗೆ ವಿಶೇಷ ನ್ಯಾಯಾಲಯಕ್ಕೆ ಎಂದು ಮಗು ಅಲೆಯುತ್ತಲೇ ಇದೆ. ಕರ್ನಾಟಕದ ವಿಶೇಷ ನ್ಯಾಯಾಲಯಗಳನ್ನು ಅಧ್ಯಯನ ಮಾಡಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸಂಶೋಧಕರು, ಎಷ್ಟೋ ಮಕ್ಕಳು ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ತಮ್ಮ ಹೇಳಿಕೆಯಿಂದ ಹಿಂದೆ ಸರಿಯುವುದನ್ನು ದಾಖಲಿಸಿದ್ದಾರೆ. ಇಬ್ಬರು ಸ್ತ್ರೀರೋಗ ತಜ್ಞೆಯರು 2001ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಎನ್‌ಫೋಲ್ಡ್‌ನಂಥ ಸಂಸ್ಥೆಗಳು, ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯರು ಮಾಡುತ್ತಿರುವ ಕೆಲಸ ದೊಡ್ಡದು. ಆದರೂ ಅದನ್ನು ಪ್ರತಿ ಜಿಲ್ಲೆಯ ಮಗುವಿನ ಹಕ್ಕಾಗಿಸುವ ಹೊಣೆ ಸರ್ಕಾರದ್ದು.

ಲಂಡನ್ನಿಗೆ ಸಿಕ್ಕ ಮನೆಯನ್ನು ನೋಡಿದ ಕನ್ನಡಿಗರು ಎರಡು ಕಡೆಯೂ ಕೇಳಬೇಕು. ಇಲ್ಲಿ, ತಮ್ಮ ಕೌನ್ಸಿಲರ್‌ಗಳನ್ನು, ಸಂಸದರನ್ನು, ಲಂಡನ್ ಮೇಯರರ ಕಚೇರಿಯನ್ನು ಕೇಳಬೇಕು: ಐದು ಬರೋಗಳ ಮಗುವಿಗೆ ಸಿಕ್ಕದ್ದು ಉಳಿದ ಬರೋಗಳ ಮಗುವಿಗೆ ಎಂದು ಸಿಗುತ್ತದೆ? ಅಲ್ಲಿ, ತಮ್ಮ ಊರಿನ ಶಾಸಕರನ್ನು ಕೇಳಬೇಕು: ಕಾಯ್ದೆ ಹೇಳಿದ ಒಮ್ಮೆಯ ಮಾತಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಕೋಣೆ ಎಲ್ಲಿದೆ? ಊರಿನ ದೇವಸ್ಥಾನದ ಗೋಪುರಕ್ಕೆ, ಶಾಲೆಯ ಕಂಪ್ಯೂಟರಿಗೆ ದುಡ್ಡು ಕಳಿಸುವ ಕೈಗಳಿಗೆ ಆ ಕೋಣೆ ಭಾರವಲ್ಲ.

ಥೇಮ್ಸ್ ನದಿಯ ದಂಡೆಯಲ್ಲಿ, ಬ್ರಿಟಿಷ್ ಸಂಸತ್ತಿನ ಎದುರು ಬದಿಯಲ್ಲಿ ಬಸವಣ್ಣನ ಪ್ರತಿಮೆಯಿದೆ. ಅದು ಅನಾವರಣಗೊಂಡದ್ದೂ ಒಂದು ನವೆಂಬರ್ 14ರಂದೇ, 2015ರಲ್ಲಿ, ಭಾರತದ ಮಕ್ಕಳ ದಿನದಂದು. ಎಲ್ಲರ ಮಾತಿಗೂ ಮಂಟಪವೊಂದಿರಬೇಕೆಂದವನ ಪ್ರತಿಮೆಯ ಮುಂದೆ ನಿಂತು ಹೆಮ್ಮೆಪಡುವ ಸಮುದಾಯ, ತನ್ನ ಮನೆಯ ಅತಿ ಚಿಕ್ಕ ದನಿಗೆ ಎಲ್ಲಿ ಜಾಗ ಕೊಟ್ಟಿದೆ ಎಂದು ಕೇಳಿಕೊಳ್ಳುವುದು ಅನಿವಾರ್ಯ. ಬ್ರಿಟನ್ನಿನ ಯಾವ ಮಗುವಾದರೂ ಉಚಿತವಾಗಿ ಕರೆಯಬಹುದಾದ ಚೈಲ್ಡ್‌ಲೈನ್ ಸಂಖ್ಯೆ 0800 1111; ಭಾರತದಲ್ಲಿ 1098. ಮುಂದಿನ ಯುಗಾದಿಯ ಕಾರ್ಯಕ್ರಮ ಪಟ್ಟಿಯ ಕೊನೆಯ ಪುಟದಲ್ಲಿ ಪ್ರಾಯೋಜಕರ ಹೆಸರುಗಳ ಮೇಲೆ ಈ ಎರಡು ಸಂಖ್ಯೆಗಳು ಅಚ್ಚಾದರೆ, ಎ5 ರಸ್ತೆಯ ಯಾವ ಬದಿಯ ಮಗುವಿಗಾದರೂ ತನ್ನ ಮಾತು ಕೇಳುವವರು ಇದ್ದಾರೆಂದು ತಿಳಿಯುತ್ತದೆ. ಅಲ್ಲಿಂದ ಮುಂದಿನ ದಾರಿಯನ್ನು ದೊಡ್ಡವರು ಕಟ್ಟಬೇಕು.